ತೋಳನಕೊಪ್ಪದ ಗಾಜು

೧೯೭೮ನೇ ಇಸವಿ ಸೆಪ್ಟೆಂಬರ್ ೧೮, ಸೋಮವಾರ. ಸಂಜೆ ನಾಲ್ಕು ಹತ್ತಕ್ಕೆ ಫೋಟೋಗ್ರಾಫರ್ ಶಿದ್ಲಿಂಗಪ್ಪ ಶಿಗ್ಗಾಂವಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ. ಸ್ಟುಡಿಯೋದಿಂದ ಠಾಣೆಗೆ ಐದು ನಿಮಿಷದ ದಾರಿ. ಓಡಿ ಬಂದವನಂತೆ ಬೆವರಿದ್ದ.

"ಒಂದು ಗಾಜು ಕಳುವಾಗೈತ್ರಿ" ಎಂದ.

ಹೆಡ್ ಕಾನ್‌ಸ್ಟೆಬಲ್ ಲಕ್ಷ್ಮಪ್ಪ ತಲೆಯೆತ್ತಲಿಲ್ಲ. "ಕಿಡಕಿದೇನು?"

"ಅಲ್ರಿ. ಫೋಟೋದ ಪ್ಲೇಟು. ನೆಗೆಟಿವ್."

"ಉಳದಿದ್ದು ಎಷ್ಟು?"

"ಇನ್ನೂರಾ ಆರು ಅದಾವ್ರಿ."

"ಇನ್ನೂರಾ ಆರು ಬಿಟ್ಟು ಒಂದ ಒಯ್ದಾನ? ಕಳ್ಳ ಭಾಳ ಸಂಭಾವಿತ ಇದ್ದಾನ ಬಿಡು."

ಒಳಗಿನ ಕೋಣೆಯಲ್ಲಿ ಕೂತಿದ್ದ ಪಿ.ಎಸ್.ಐ. ಕರಬಸಪ್ಪನಿಗೂ ನಗು ಬಂತು. ಈ ಠಾಣೆಗೆ ಬಂದು ಅವನಿಗೆ ಆರು ತಿಂಗಳಾಗಿತ್ತು. ದನದ ಕಳವು, ಬದುವಿನ ಜಗಳ, ಹೆದ್ದಾರಿಯ ಅಪಘಾತ, ಇವಿಷ್ಟರಲ್ಲೇ ದಿನ ಹೋಗುತ್ತಿತ್ತು. ಗಾಜಿನ ತುಂಡಿಗೆ ಎಫ್.ಐ.ಆರ್. ಬರೆಯುವ ಮನಸ್ಸು ಅವನಿಗಿರಲಿಲ್ಲ. ಆದರೆ ಶಿದ್ಲಿಂಗಪ್ಪ ಜೇಬಿನಿಂದ ಅರಣ್ಯ ಇಲಾಖೆಯ ಪತ್ರ ತೆಗೆದು ಮೇಜಿನ ಮೇಲಿಟ್ಟ. ಅಕ್ಟೋಬರ್ ಮೊದಲ ವಾರದ ವನ್ಯಜೀವಿ ಸಪ್ತಾಹಕ್ಕೆ ಅವನ ಒಂದು ಫೋಟೋವನ್ನು ಬೆಂಗಳೂರಿನಲ್ಲಿ ಬಾಗಿಲಿನಷ್ಟು ದೊಡ್ಡದು ಮಾಡಿ ನಿಲ್ಲಿಸುವವರಿದ್ದರು. ಅದಕ್ಕೆ ಮೂಲ ಪ್ಲೇಟೇ ಬೇಕು, ಬುಧವಾರ ರೇಂಜ್ ಆಫೀಸಿನವರು ಬಂದು ಒಯ್ಯುತ್ತಾರೆ, ಮುಂದೆ ಅದು ಇಲಾಖೆಯಲ್ಲೇ ಇರುತ್ತದೆ ಎಂದು ಪತ್ರದಲ್ಲಿತ್ತು. ಕಳುವಾದದ್ದು ಅದೇ ಪ್ಲೇಟು, ನಂಬರ್ ನೂರಾಹದಿನೇಳು. ರೇಂಜ್ ಆಫೀಸಿನಿಂದ ಸುದ್ದಿ ತಲುಪಿ ಐದು ಗಂಟೆಗೆ ಡಿ.ವೈ.ಎಸ್.ಪಿ. ಸಾಹೇಬರ ಟ್ರಂಕ್ ಕಾಲ್ ಬಂದ ಮೇಲೆ ನಗುವ ಮಾತು ಮುಗಿಯಿತು. ಗುನ್ನೆ ನಂಬರ್ ೮೪/೭೮, ಭಾರತೀಯ ದಂಡ ಸಂಹಿತೆ ಕಲಂ ೩೮೦ ಎಂದು ಲಕ್ಷ್ಮಪ್ಪ ಬರೆದುಕೊಂಡ.

ಆ ಫೋಟೋವನ್ನು ಕರಬಸಪ್ಪ ರೇಂಜ್ ಆಫೀಸಿನ ಗೋಡೆಯ ಮೇಲೆ ನೋಡಿದ್ದ. ದುಂಡಸಿಯ ಆಚೆ ತೋಳನಕೊಪ್ಪದ ಹುಲ್ಲುಗಾವಲು. ಎದೆಮಟ್ಟ ಹುಲ್ಲು, ಹುಲ್ಲಿನ ನಡುವೆ ಚಿಗರಿಗಳ ಬೆನ್ನು, ಹಿಂದೆ ಉದ್ದಕ್ಕೆ ಮಲಗಿದ ದಿನ್ನೆ, ಅದರ ಮೇಲೆ ಬರೀ ಆಕಾಶ. ಶಿದ್ಲಿಂಗಪ್ಪ ಮದುವೆ ಮುಂಜಿ ಫೋಟೋ ತೆಗೆದು ಹೊಟ್ಟೆ ಹೊರೆದವನು. ಬಿಡುವು ಸಿಕ್ಕಾಗ ಅಪ್ಪನ ಕಾಲದ ಕಟ್ಟಿಗೆ ಕ್ಯಾಮೆರಾ ಸೈಕಲ್ಲಿಗೆ ಕಟ್ಟಿಕೊಂಡು ಆ ಹುಲ್ಲಿನ ಫೋಟೋ ತೆಗೆಯಲು ಹೋಗುತ್ತಿದ್ದ. ಹನ್ನೆರಡು ವರ್ಷ ಹೋದ. ಕಲ್ಲು ಕ್ವಾರಿಯವರು ದಿನ್ನೆಗೆ ಅರ್ಜಿ ಹಾಕಿದಾಗ ಈ ಫೋಟೋವನ್ನು ಇಲಾಖೆಗೂ ಪತ್ರಿಕೆಗಳಿಗೂ ಕಳಿಸಿದವನು ಅವನೇ. ೧೯೭೫ರಲ್ಲಿ ಸರಕಾರ ಕಾವಲನ್ನು ಸಂರಕ್ಷಿತ ಎಂದು ಸಾರಿತು. ಒಂದು ಫೋಟೋ ಒಂದು ಗುಡ್ಡ ಉಳಿಸಿತು ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ಸುಳ್ಳಲ್ಲ.

ಸಂಜೆ ಐದು ನಲವತ್ತಕ್ಕೆ ಸ್ಟುಡಿಯೋದಲ್ಲಿ ಪಂಚನಾಮೆ ಶುರುವಾಯಿತು. ಪಂಚರಲ್ಲಿ ಒಬ್ಬ ಪಕ್ಕದ ಅಂಗಡಿಯ ಟೇಲರ್ ಗುದ್ಲೆಪ್ಪ. ಬಾಗಿಲ ಕೀಲಿ ಒಡೆದಿರಲಿಲ್ಲ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಶಿದ್ಲಿಂಗಪ್ಪ ಊಟಕ್ಕೆ ಮನೆಗೆ ಹೋಗುತ್ತಾನೆ, ಕೀಲಿಕೈಯನ್ನು ಚೌಕಟ್ಟಿನ ಮೇಲಿನ ಸಂದಿಯಲ್ಲಿ ಇಡುತ್ತಾನೆ.

"ಅಲ್ಲಿ ಇಡೋದು ಯಾರ್ಯಾರಿಗೆ ಗೊತ್ತು?" ಕರಬಸಪ್ಪ ಕೇಳಿದ.

ಗುದ್ಲೆಪ್ಪ ಉತ್ತರ ಕೊಟ್ಟ. "ಓಣಿಗೆಲ್ಲ ಗೊತ್ತೈತ್ರಿ. ಓಣ್ಯಾಗಿನ ನಾಯಿಗೂ ಗೊತ್ತೈತಿ."

ತೇಗದ ಪೆಟ್ಟಿಗೆಯಲ್ಲಿ ಪ್ಲೇಟುಗಳು ಕಂದು ಕಾಗದದ ಪಾಕೀಟುಗಳಲ್ಲಿ ಸಾಲಾಗಿ ನಿಂತಿದ್ದವು. ಪ್ರತಿ ಪಾಕೀಟಿನ ಮೇಲೂ ದಪ್ಪ ಅಂಕಿಯಲ್ಲಿ ನಂಬರು. ಆರು ಪಾಕೀಟು ಮಾತ್ರ ಹೊರಗೆ, ಬೆಳಕು ಬೀಳುವ ಕಿಟಕಿಯ ಕಟ್ಟೆಗೆ ಒರಗಿದ್ದವು. ಐದರಲ್ಲಿ ಪ್ಲೇಟುಗಳಿದ್ದವು, ಆರನೆಯದು ಖಾಲಿ. ಆರರ ಮೂಲೆಯಲ್ಲೂ ಒಂದೊಂದು ಕೆಂಪು ಬೊಟ್ಟು. ಪೆಟ್ಟಿಗೆಯೊಳಗಿದ್ದ ಯಾವುದಕ್ಕೂ ಬೊಟ್ಟಿರಲಿಲ್ಲ.

"ಈ ಬೊಟ್ಟೇನು?"

"ಸವಣೂರಾಗ ಜನ್ನತಬಿ ಅಂತ ಅದಾಳ್ರಿ. ಪ್ಲೇಟು ತಿದ್ದು ಕೆಲಸ ಮಾಡ್ತಾಳ. ಆಕಿ ಕೆಂಪು ಬಣ್ಣ ಹಚ್ಚಿದ್ದಕ್ಕ ಗುರ್ತಿಗೆ ಬೊಟ್ಟಿಡ್ತಾಳ. ಕೆಂಪು ಹಚ್ಚಿದ ಜಾಗಾದಾಗ ಬೆಳಕು ದಾಟೂದಿಲ್ರಿ. ಫೋಟೋದಾಗ ಅಷ್ಟು ಬೆಳ್ಳಗ ಬರತೈತಿ."

"ನೂರಾಹದಿನೇಳಕ್ಕ ಯಾಕ ಹಚ್ಚಿಸಿದ್ರಿ?"

ಶಿದ್ಲಿಂಗಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ. "ಮುಗಲಿನ್ಯಾಗ ಒಂದು ಕಲೆ ಇತ್ರಿ."

ಬಾಗಿಲ ಹಿಂದೆ ಒಂದು ಹೊಸ ಕಸಬರಗಿ ನಿಂತಿತ್ತು. ಹುಲ್ಲು ಇನ್ನೂ ಹಸಿರು ವಾಸನೆ ಬಿಡುತ್ತಿತ್ತು. ಮುತ್ತಲ ಬೇರಿನ ನಾರಿನಿಂದ ಮೂರು ಕಡೆ ಬಿಗಿದು ಕಟ್ಟಿದ್ದರು. ನನ್ನದಲ್ಲ ಎಂದ ಶಿದ್ಲಿಂಗಪ್ಪ. ಲಕ್ಷ್ಮಪ್ಪ ಅದನ್ನೂ ಪಂಚನಾಮೆಯಲ್ಲಿ ಕಾಣಿಸಿದ.

ಹೊರಗೆ ಬಂದ ಮೇಲೆ ಕರಬಸಪ್ಪ ಅಂದ, "ನಂಬರು ಓದಾಕ ಬಂದಿದ್ರ ಒಂದ ಪಾಕೀಟು ತಗೀತಿದ್ದ. ಆರು ತಗದು ಬೆಳಕಿಗೆ ಹಿಡದು ನೋಡ್ಯಾನ."

"ಓದಾಕ ಬರದವ, ಬೊಟ್ಟಿನ ಗುರ್ತು ಇದ್ದವ" ಎಂದ ಲಕ್ಷ್ಮಪ್ಪ. "ಮ್ಯಾಲ ಕಸಬರಗಿ ಬಿಟ್ಟು ಹೋಗ್ಯಾನ. ಇಪ್ಪತ್ತೆರಡು ವರ್ಷದ ಸರ್ವೀಸಿನ್ಯಾಗ ಇಂಥಾ ಕಳ್ಳನ್ನ ನೋಡಿಲ್ರಿ."

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಇಬ್ಬರೂ ಬಂಕಾಪುರಕ್ಕೆ ಹೋದರು. ದಿನ್ನೆಗೆ ಅರ್ಜಿ ಹಾಕಿದ್ದ ಕ್ವಾರಿ ಗುತ್ತಿಗೆದಾರ ಪರಮೇಶಪ್ಪನ ಮನೆ ಅಲ್ಲಿತ್ತು. ಫೋಟೋದ ಮೇಲೆ ಸಿಟ್ಟಿರಬೇಕಾದವನು ಅವನೇ. ಅವನು ಪಡಸಾಲೆಯಲ್ಲಿ ಕೂತು ಪತ್ರಿಕೆ ಓದುತ್ತಿದ್ದ.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ಹಾನಗಲ್ಲ ಕೋರ್ಟಿನ್ಯಾಗ. ವಕೀಲರನ್ನ ಕೇಳ್ರಿ." ಪತ್ರಿಕೆ ಮಡಚಿಟ್ಟ. "ಅಲ್ರಿ ಸಾಹೇಬ್ರ, ಫೋಟೋ ಬೆಂಗಳೂರು ಫೈಲಿನ್ಯಾಗ ಕುಂತು ಮೂರು ವರ್ಷ ಆತು. ಈಗ ಗಾಜು ಕದ್ರ ಗುಡ್ಡ ನನಗ ಬರತೈತೇನು? ಆ ಗುಡ್ಡದಾಗ ನನಗಿಂತ ಹೆಚ್ಚು ಕಳಕೊಂಡವರು ಅದಾರ. ಅವರನ್ನ ಯಾರೂ ಕೇಳಾಕ ಹೋಗೂದಿಲ್ಲ."

"ಯಾರವರು?"

"ನಿಮ್ಮ ಲಕ್ಷ್ಮಪ್ಪಗ ಗೊತ್ತು."

ಸವಣೂರಿನ ಬಸ್ಸಿನಲ್ಲಿ ಕೂತು ಲಕ್ಷ್ಮಪ್ಪ ಹೇಳಿದ. ತೋಳನಕೊಪ್ಪ ಕಂದಾಯದ ದಫ್ತರಿನಲ್ಲಿ ಬೇಚಿರಾಕ ಗ್ರಾಮ. ಚಿರಾಕು ಅಂದರೆ ದೀಪ. ಹಳೇ ಕಾಲದಲ್ಲಿ ಯಾವುದೋ ಬೇನೆ ಬಂದು ಊರು ಖಾಲಿಯಾದಾಗ ಹಾಗೆ ಬರೆದದ್ದು: ದೀಪ ಹಚ್ಚುವವರಿಲ್ಲದ ಊರು. ಆಮೇಲೆ ಏಳು ಮನೆಯವರು ಹೋಗಿ ದಿನ್ನೆಯ ಮೇಲೆ ದೂರದೂರಕ್ಕೆ ಗುಡಿಸಲು ಹಾಕಿದರು. ಹುಲ್ಲು ಕೊಯ್ದು ಕಸಬರಗಿ ಕಟ್ಟಿ ಮಾರಿಕೊಂಡು ಎರಡು ತಲೆಮಾರು ಬದುಕಿದರು. ದಫ್ತರಿನ ಅಕ್ಷರ ಮಾತ್ರ ಬದಲಾಗಲಿಲ್ಲ. ಕಾವಲು ಸಂರಕ್ಷಿತ ಮಾಡುವ ಮುಂಚೆ, ಹಕ್ಕು ಇದ್ದವರು ಬರಬೇಕು ಎಂದು ವಿಚಾರಣೆ ಕರೆದರು. ಏಳು ಮನೆಯವರು ಹೋದರು. ತಲಾಠಿ ದಫ್ತರು ತೋರಿಸಿದ, ಬೇಚಿರಾಕ. ಅಧಿಕಾರಿ ಫೈಲಿನಲ್ಲಿದ್ದ ಫೋಟೋ ನೋಡಿದ, ದಿನ್ನೆಯ ಮೇಲೆ ಮನೆ ಇಲ್ಲ.

"ಮುಗೀತ್ರಿ. ಏಳೂ ಮನೀಯವರನ್ನ ತಂದು ತಡಸದ ಹತ್ರ ಹೈವೇ ಬಾಜೂಕ ಹಾಕಿದ್ರು."

"ಫೋಟೋದಾಗ ಮನಿ ಯಾಕ ಇಲ್ಲ?"

ಲಕ್ಷ್ಮಪ್ಪ ಕಿಟಕಿಯ ಹೊರಗೆ ನೋಡಿದ. "ಅದನ್ನ ನಾ ಇವತ್ತಿನತನಕ ಕೇಳಿಕೊಂಡಿದ್ದಿಲ್ರಿ."

ಹನ್ನೆರಡೂವರೆಗೆ ಜನ್ನತಬಿಯ ಮನೆ ಸಿಕ್ಕಿತು. ಐವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ. ಕಿಟಕಿಗೆ ಓರೆಯಾಗಿ ನಿಲ್ಲಿಸಿದ ಹಲಗೆಯ ಮೇಲೆ ಯಾವುದೋ ಮದುಮಗಳ ಪ್ಲೇಟು ಇಟ್ಟುಕೊಂಡು ಪೆನ್ಸಿಲ್ ಮೊನೆಯಿಂದ ಮುಖದ ಕಲೆ ತೆಗೆಯುತ್ತಿದ್ದಳು. ಬಾಗಿಲ ಹಿಂದೆ ಕಸಬರಗಿ. ಮೂರು ಕಟ್ಟು, ಮುತ್ತಲ ನಾರು.

ಕರಬಸಪ್ಪ ಅದನ್ನು ಕೈಗೆ ತೆಗೆದುಕೊಂಡ. "ಇದನ್ನ ಯಾರು ಕೊಟ್ರು?"

"ಉಡಚವ್ವ. ತಡಸದಾಕಿ. ಸಂತಿಗೆ ಬಂದಾಗ ನಮ್ಮ ಕಟ್ಟಿಗೆ ಕುಂತು ಎಲಿ ಅಡಿಕಿ ಹಾಕ್ಕೊಂಡು ಹೋಗ್ತಾಳ್ರಿ."

"ನೂರಾಹದಿನೇಳಕ್ಕ ಕೆಂಪು ಹಚ್ಚಿದ್ದು ನೀವ?"

"ನಾನ."

"ಏನಿತ್ತು ಅಲ್ಲಿ?"

ಜನ್ನತಬಿ ಪೆನ್ಸಿಲ್ ಕೆಳಗಿಟ್ಟಳು. "ಒಂದು ಗುಡಿಸಲ ಇತ್ತು. ಗುಡಿಸಲ ಮುಂದ ಒಂದು ಹುಡಿಗಿ ನಿಂತಿತ್ತು, ಹತ್ತು ಹನ್ನೊಂದು ವರ್ಷದ್ದು. ಕ್ಯಾಮೆರಾ ನೋಡಿ ನಗಾಕತ್ತಿತ್ತು. ಶಿದ್ಲಿಂಗಪ್ಪ ಅಂದ, ನಿಸರ್ಗದ ಫೋಟೋದಾಗ ಮಂದಿ ಇದ್ರ ಅದು ನಿಸರ್ಗ ಅನಸೂದಿಲ್ಲ ಜನ್ನತಬಿ, ಮುಗಲಾಗ ಸೇರಿಸಿಬಿಡು ಅಂತ. ಆವಾಗ ಕ್ವಾರಿ ಇಲ್ಲ, ಅರ್ಜಿ ಇಲ್ಲ, ಎಪ್ಪತ್ತೊಂದನೇ ಇಸವಿ. ಯಾವುದೋ ಸ್ಪರ್ಧಾಕ್ಕ ಕಳಸಾವಿದ್ದ. ನಾ ಹಚ್ಚಿದೆ. ಒಂದು ತಾಸಿನ ಕೆಲಸ."

"ಉಡಚವ್ವಗ ಹೇಳಿದ್ರಿ."

"ಎರಡು ತಿಂಗಳ ಹಿಂದ ಆಕಿ ತನ್ನ ಮಗಳ ಮಾತು ತಗದ್ಲು. ಗುತ್ತೆವ್ವ ಅಂತ, ಹೋಗಿ ಎರಡು ವರ್ಷಾತು. ಒಂದ ಸಲ ಫೋಟೋದವ ಬಂದು ದಿನ್ನಿ ಮ್ಯಾಗ ತಗದಿದ್ದ, ಆಕೀದು ಅದೊಂದ ಫೋಟೋ ಅಂದ್ಲು. ನನಗ ಎದಿ ಧಸಕ್ಕ ಅಂತು. ಆಕಿ ಅಲ್ಲೇ ಅದಾಳ, ಕೆಂಪಿನ ಬುಡಕ ಅದಾಳ, ಪಾಕೀಟಿನ ಮ್ಯಾಗ ಬೊಟ್ಟೈತಿ ಅಂದೆ. ಆಕಿ ಮೂರು ಸಲ ಶಿದ್ಲಿಂಗಪ್ಪನ ಹತ್ರ ಹೋದ್ಲು. ಒಡದೈತಿ ಅಂದನಂತ. ಗಾಜು ಬೆಂಗಳೂರಿಗೆ ಹೋಗತೈತಿ ಅಂತ ಮೊನ್ನೆ ಸಂತ್ಯಾಗ ನಾನ ಹೇಳೇನಿ."

"ಕೆಂಪು ಹೋಗತೈತೇನು?"

"ನೀರಾಗ ಹೋಗತೈತಿ." ಜನ್ನತಬಿ ಮದುಮಗಳ ಪ್ಲೇಟನ್ನು ಹಲಗೆಯಿಂದ ತೆಗೆದು ಪಾಕೀಟಿಗೆ ಹಾಕಿದಳು. "ಆಕಿಗೂ ಅಷ್ಟ ಹೇಳೇನಿ. ತಣ್ಣೀರು, ಹತ್ತಿ, ಹಗೂರಕ ಅನ್ನಬೇಕಿತ್ತು. ನಮ್ಮ ಕೆಲಸದಾಗ ಅದು ಹೇಳೂ ಮಾತಲ್ಲ, ಎಲ್ಲಾರಿಗೂ ಗೊತ್ತಿರತೈತಿ. ಆಕಿಗೆ ಹ್ಯಾಂಗ ಗೊತ್ತಿರಬೇಕ್ರಿ?"

ಶಿಗ್ಗಾಂವಿಗೆ ಮರಳುವಾಗ ಲಕ್ಷ್ಮಪ್ಪ ಗುತ್ತೆವ್ವನ ಹೆಸರನ್ನು ಎರಡು ಸಲ ತನಗೆ ತಾನೇ ಹೇಳಿಕೊಂಡ. ಠಾಣೆಗೆ ಬಂದವನೇ ರೆಕಾರ್ಡ್ ಕೋಣೆಗೆ ಹೋಗಿ ಒಂದು ಫೈಲು ತಂದು ಮೇಜಿನ ಮೇಲಿಟ್ಟ. ೧೯೭೬ರ ಜುಲೈ. ತಡಸದ ಹತ್ತಿರ ಹೆದ್ದಾರಿ, ಮುಂಜಾನೆ ಏಳು ಇಪ್ಪತ್ತು. ನೀರಿನ ಕೊಡ ಹೊತ್ತು ರಸ್ತೆ ದಾಟುತ್ತಿದ್ದ ಗುತ್ತೆವ್ವ, ವಯಸ್ಸು ಹದಿನಾರು, ಲಾರಿ ಬಡಿದು ಸ್ಥಳದಲ್ಲೇ ಮೃತ. ಲಾರಿ ಸಿಕ್ಕಿಲ್ಲ. ದಿನ್ನೆಯ ಮೇಲಿನವರಿಗೆ ರಸ್ತೆ ದಾಟುವ ರೂಢಿ ಇರಲಿಲ್ಲ ಎಂದು ಯಾರೋ ಸಾಕ್ಷಿ ಹೇಳಿದ್ದ. ತನಿಖಾಧಿಕಾರಿ ಅದನ್ನು ಹಾಗೇ ಬರೆದುಕೊಂಡಿದ್ದ.

ಫೈಲಿನ ಕೊನೆಗೆ ಒಂದು ಫೋಟೋ ದಾರಕ್ಕೆ ಪೋಣಿಸಿತ್ತು. ಕರಬಸಪ್ಪ ನೋಡಿ ತಿರುವಿಹಾಕಿದ. ಆ ಫೋಟೋದಲ್ಲಿ ಮುಖ ಅನ್ನುವುದು ಉಳಿದಿರಲಿಲ್ಲ. ಬೆನ್ನಿಗೆ ಸ್ಟುಡಿಯೋದ ರಬ್ಬರ್ ಸ್ಟಾಂಪು ಇತ್ತು. ಹೆಣದ ಫೋಟೋ ಬೇಕಾದಾಗಲೆಲ್ಲ ಠಾಣೆಯವರು ಕರೆಯುತ್ತಿದ್ದದ್ದು ಶಿದ್ಲಿಂಗಪ್ಪನನ್ನೇ.

ಸೆಪ್ಟೆಂಬರ್ ೨೦, ಬುಧವಾರ, ಬೆಳಗ್ಗೆ ಎಂಟು ಹದಿನೈದು. ಹೆದ್ದಾರಿಯ ಬದಿಗೆ ಏಳು ಗುಡಿಸಲು, ತಗಡು ಮತ್ತು ಗೋಣಿಚೀಲದವು. ಒಂದೊಂದು ಲಾರಿ ಹೋದಾಗಲೂ ತಗಡು ನಡುಗುತ್ತಿತ್ತು. ಉಡಚವ್ವ ಹೊರಗೆ ಕೂತು ಹುಲ್ಲಿನ ತುದಿ ಸವರುತ್ತಿದ್ದಳು. ಖಾಕಿ ಕಂಡು ಕುಡಗೋಲು ಕೆಳಗಿಟ್ಟಳು.

"ಬರ್ರಿ. ಕುಂದ್ರಾಕ ಏನೂ ಇಲ್ಲ."

"ಹುಲ್ಲು ಎಲ್ಲಿದು?" ಲಕ್ಷ್ಮಪ್ಪ ಕೇಳಿದ.

"ಅಲ್ಲಿದ. ಗಾರ್ಡ್ ಊಟಕ್ಕ ಹೋದಾಗ ತರ್ತೇನ್ರಿ. ಅದಕ್ಕ ಬಂದೀರೇನು?"

"ಅದಕ್ಕಲ್ಲ. ಗಾಜಿಗೆ ಬಂದೇವಿ" ಎಂದ ಕರಬಸಪ್ಪ.

ಅವಳು ಇಲ್ಲ ಅನ್ನಲಿಲ್ಲ. ಎದ್ದು ಒಳಗೆ ಹೋದಳು. ಇವರೂ ಬಗ್ಗಿ ಒಳಗೆ ಹೋದರು. ಮಣ್ಣು ಮೆತ್ತಿದ ಹಿಂದಿನ ಗೋಡೆಯಲ್ಲಿ ಒಂದು ಮಾಡ ಕೊರೆದಿತ್ತು. ಅದರಲ್ಲಿ ಒಂದು ಹಣತೆ, ಹಣತೆಯ ಹಿಂದೆ ಅಂಗೈ ಎರಡರಷ್ಟು ಅಗಲದ ಗಾಜು. ಗಾಜಿಗೆ ಕುಂಕುಮ ಹಚ್ಚಿ, ಒಂದು ತಂಗಟಿ ಹೂವು ಸಿಕ್ಕಿಸಿದ್ದಳು. ಗಾಜಿನ ಮೂಲಕ ಹಿಂದಿನ ಗೋಡೆಯ ಮಣ್ಣು ಸ್ವಚ್ಛ ಕಾಣುತ್ತಿತ್ತು. ಬೇರೆ ಏನೂ ಕಾಣುತ್ತಿರಲಿಲ್ಲ.

ಕರಬಸಪ್ಪ ಅದನ್ನು ಅಂಚು ಹಿಡಿದು ತೆಗೆದು ಬಾಗಿಲ ಬೆಳಕಿಗೆ ತಂದ. ಮೂಲೆಯಲ್ಲಿ ವಜ್ರದ ಮೊನೆಯಿಂದ ಗೀರಿದ ಅಂಕಿ ಇತ್ತು, ೧೧೭.

"ಚಿತ್ರ ಎಲ್ಲೈತವ್ವ?"

"ತೊಳದೇನ್ರಿ" ಎಂದಳು ಉಡಚವ್ವ. "ತೊಳದ್ರ ಕೆಂಪ ಹೋಗತೈತಿ ಅಂದಿದ್ಲು ಜನ್ನತಬಿ. ಬಿಸಿನೀರು ಕಾಸಿದೆ. ಬೂದಿ ಹಚ್ಚಿ, ತೆಂಗಿನ ನಾರಿನ್ಯಾಗ ತಂಬಗಿ ತಿಕ್ಕಿದಂಗ ತಿಕ್ಕಿದೆ. ಮೊದಲ ನೀರು ಕೆಂಪ ಬಂತು. ಚಲೋ ಆತು ಅಂದೆ. ಆಮ್ಯಾಲ ಕರ್ರಗ ಬಂತು. ಹೊಲಸು ಬಿಡಾಕತ್ತೈತಿ ಅಂದ್ಕೊಂಡು ಇನ್ನಷ್ಟು ತಿಕ್ಕಿದೆ."

ಹೊರಗೆ ಲಾರಿ ಹೋಯಿತು. ತಗಡು ನಡುಗಿ ಸುಮ್ಮನಾಗುವವರೆಗೆ ಅವಳು ಕಾದಳು.

"ಆ ಕರೇದ್ರಾಗ ಆಕಿ ಇದ್ಲು. ನನಗ ಗೊತ್ತಿರಲಿಲ್ರಿ."

"ತೊಳಿಯೂ ಮುಂದ ನೋಡಿದ್ದಿ?"

"ಸ್ಟುಡಿಯೋದಾಗ ಬೆಳಕಿಗೆ ಹಿಡದು ನೋಡಿದೆ. ಹುಲ್ಲು ಬೆಳ್ಳಗ, ಮುಗಲು ಕರ್ರಗ, ಎಲ್ಲ ಉಲ್ಟಾ. ದಿನ್ನಿ ಮ್ಯಾಗ ಕೆಂಪ. ಬಾಜೂಕ ನಮ್ಮ ಬೇವಿನಗಿಡ ಇತ್ತು, ಅದರ ಮ್ಯಾಲ ಗುರ್ತು ಹಿಡದೆ. ಮನ್ಯಾಗ ಬಿಡಿಸಿ ನೋಡೂಣು ಅಂತ ಸೆರಗಿನ್ಯಾಗ ಸುತ್ತಿಕೊಂಡು ಬಂದೆ."

"ಹಕ್ಕಿನ ವಿಚಾರಣಾಕ್ಕ ಬೇಕಿತ್ತೇನು? ಅಲ್ಲಿ ಮನಿ ಇತ್ತು ಅಂತ ತೋರಸಾಕ?"

ಉಡಚವ್ವ ಅವನನ್ನು ನೋಡಿದ ರೀತಿಗೆ ಕರಬಸಪ್ಪನಿಗೆ ತನ್ನ ಪ್ರಶ್ನೆ ಸಣ್ಣದೆನಿಸಿತು.

"ವಿಚಾರಣಾ ಎಂದೋ ಮುಗದೈತ್ರಿ. ಮನಿ ಯಾರಿಗೆ ಬೇಕು? ಆಕಿ ಮಖ ಮರತ ಹೊಂಟೈತ್ರಿ ನನಗ. ಕಡೀಕ ನೋಡಿದ್ದು ರೋಡಿನ್ಯಾಗ. ನೆನಸಾಕ ಹೋದ್ರ ಅದ ಬರತೈತಿ. ಮೊದಲಿನ ಮಖ ಒಂದು ಸಲ ನೋಡಿದ್ರ ಅದು ಹೋಗತಿತ್ತೇನೋ ಅಂತ."

"ಕಸಬರಗಿ ಯಾಕ ಬಿಟ್ಟು ಬಂದಿ?"

"ಪುಕ್ಕಟ ಹ್ಯಾಂಗ ತರೂದ್ರಿ?"

ಠಾಣೆಯಲ್ಲಿ ಮಹಿಳಾ ಪೇದೆ ಇರಲಿಲ್ಲ. ಪಕ್ಕದ ಗುಡಿಸಲಿನ ಶೇಖವ್ವನನ್ನು ಜೊತೆಗೆ ಕರೆದುಕೊಂಡರು. ಜಪ್ತಿ ಪಂಚನಾಮೆ ಮುಗಿದಾಗ ಒಂಬತ್ತು ಐದು. ಬಂಧನದ ಕಾಗದದ ಮೇಲೆ ಉಡಚವ್ವ ಹೆಬ್ಬೆಟ್ಟು ಒತ್ತಿದಳು. ಬೆರಳಿನ ಸಂದಿಗಳಲ್ಲಿ ಹುಲ್ಲು ಕೊಯ್ದ ಗೀರುಗಳಿದ್ದವು. ಶಾಯಿ ಸರಿಯಾಗಿ ಹಿಡಿಯದೆ ಲಕ್ಷ್ಮಪ್ಪ ಎರಡು ಸಲ ಒತ್ತಿಸಿದ.

ಹನ್ನೊಂದೂವರೆಗೆ ಶಿದ್ಲಿಂಗಪ್ಪ ಠಾಣೆಗೆ ಬಂದ. ಉಡಚವ್ವ ವರಾಂಡದ ಬೆಂಚಿನ ಮೇಲೆ ಶೇಖವ್ವನ ಪಕ್ಕ ಕೂತಿದ್ದಳು. ಅವನು ಅವಳ ಮುಂದೆ ತಲೆ ತಗ್ಗಿಸಿ ದಾಟಿ ಒಳಗೆ ಬಂದ. ಮೇಜಿನ ಮೇಲಿದ್ದ ಗಾಜನ್ನು ಕೈಗೆ ತೆಗೆದುಕೊಂಡು, ರೂಢಿಯ ಬಲದಿಂದ ಬೆಳಕಿಗೆ ಹಿಡಿದ. ಬಹಳ ಹೊತ್ತು ಹಾಗೇ ಹಿಡಿದಿದ್ದ.

"ಮುಗಲಿನ್ಯಾಗ ಕಲೆ ಅಂದಿದ್ರಿ" ಎಂದ ಕರಬಸಪ್ಪ.

"ಹೌದ್ರಿ."

"ಆಕಿ ಮೂರು ಸಲ ಬಂದಾಗ ಒಡದೈತಿ ಅಂದ್ರಿ."

"ಕೊಟ್ಟಿದ್ರ ಕೆಂಪು ತಗೀತಿದ್ಲು, ಮನಿ ಕಾಣತಿತ್ತು. ಫೋಟೋ ಸುಳ್ಳು ಅಂತ ಆಗತಿತ್ರಿ. ಫೋಟೋ ಸುಳ್ಳಾದ್ರ ಫೈಲು ಬೀಳತಿತ್ತು, ಪರಮೇಶಪ್ಪ ಗುಡ್ಡಕ್ಕ ಸಿಡಿಮದ್ದು ಹಾಕತಿದ್ದ. ಒಂದು ಹುಲ್ಲುಕಡ್ಡಿ ಉಳೀತಿರಲಿಲ್ಲ." ಗಾಜನ್ನು ಮೇಜಿನ ಮೇಲಿಟ್ಟ. "ಹಚ್ಚಿಸಿದಾಗ ಇದೆಲ್ಲ ಗೊತ್ತಿರಲಿಲ್ರಿ. ಚಂದ ಕಾಣಲಿ ಅಂತ ಹಚ್ಚಿಸಿದೆ. ವಿಚಾರಣಾ ಆದಾಗ ಗೊತ್ತಾತು. ಆವಾಗ ಬಾಯಿ ಬಿಡಲಿಲ್ಲ."

"ರೋಡಿನ್ಯಾಗ ಫೋಟೋ ತಗೀಯೂ ಮುಂದ? ಅದ ಹುಡಿಗಿ ಅಂತ ಗೊತ್ತಿತ್ತೇನು?"

ಶಿದ್ಲಿಂಗಪ್ಪ ಗಾಜನ್ನು ಮೇಜಿನ ನಡುವಿಗೆ ಸರಿಸಿದ. "ನನ್ನ ಹತ್ರ ಈ ಗಾಜಿನ ಪ್ರಿಂಟು ಹದಿನಾಕು ಅದಾವ್ರಿ" ಎಂದ. "ಒಂದರಾಗೂ ಆಕಿ ಇಲ್ಲ." ಆಮೇಲೆ ಕೇಳಿದ, "ಕೇಸು ಹಿಂದಕ್ಕ ತಗೋಬಹುದೇನ್ರಿ?"

"ಎಫ್.ಐ.ಆರ್. ಆಗೈತಿ. ಕೋರ್ಟಿಗೆ ಹೇಳ್ರಿ."

ಅವನು ಹೋದ. ಹೋಗುವಾಗಲೂ ಬೆಂಚಿನ ಕಡೆ ನೋಡಲಿಲ್ಲ. ಆ ಮಧ್ಯಾಹ್ನ ರೇಂಜ್ ಆಫೀಸಿನವರು ಹದಿನಾಲ್ಕರಲ್ಲಿ ಒಂದು ಪ್ರಿಂಟನ್ನು ಒಯ್ದರು. ಅದರಿಂದಲೂ ದೊಡ್ಡದು ಮಾಡಬಹುದು, ಸ್ವಲ್ಪ ಮಬ್ಬು ಬರುತ್ತದೆ ಅಷ್ಟೆ ಎಂದರು.

ಲಕ್ಷ್ಮಪ್ಪ ಜಪ್ತಿ ಮಾಡಿದ ವಸ್ತುಗಳ ಮುದ್ದೆಮಾಲು ರಿಜಿಸ್ಟರ್ ತೆರೆದು ಬರೆದ: ಗಾಜು ಒಂದು. ಮೂಲೆಯಲ್ಲಿ ೧೧೭ ಎಂದು ಗೀರಿದೆ. ಚಿತ್ರ ಇರುವುದಿಲ್ಲ. ಆಮೇಲೆ ಪೆನ್ನು ಎತ್ತಿ ಕೇಳಿದ. "ರಿಪೋರ್ಟಿನ್ಯಾಗ ಕಾರಣ ಏನ ಬರೀಲ್ರಿ?"

"ಆಕಿ ಹೇಳಿದ್ದನ್ನ ಬರಿ."

"ಮಗಳ ಮಖ ಮರತ ಹೊಂಟಿತ್ತು ಅಂತ?"

"ಹೂಂ."

ಕೋರ್ಟಿಗೆ ಹೊರಡುವ ಹೊತ್ತಾಯಿತು. ಎರಡು ಗಂಟೆ ಹತ್ತು ನಿಮಿಷ. ಉಡಚವ್ವ ಬೆಂಚಿನಿಂದ ಎದ್ದು ಸೆರಗು ಸರಿಮಾಡಿಕೊಂಡಳು, ಹೊರಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕರಬಸಪ್ಪನ ಕಡೆ ತಿರುಗಿದಳು.

"ಸಾಹೇಬ್ರ, ಒಂದು ಮಾತು. ಅವತ್ತು ರೋಡಿನ್ಯಾಗ ಪೊಲೀಸರು ಫೋಟೋ ತಗಿಸಿದ್ರು. ನಾ ಆಕಡೆ ಮಖ ಮಾಡಿ ಕುಂತಿದ್ದೆ. ನಿಮ್ಮ ಕಚೇರ್ಯಾಗ ಅದು ಇರಬೇಕಲ್ರಿ? ಹ್ಯಾಂಗರ ಇರಲಿ. ಆಕೀದ ಅಲ್ಲೇನು?"

ಫೈಲು ಇನ್ನೂ ಅವನ ಮೇಜಿನ ಮೇಲೇ ಇತ್ತು. ಲಕ್ಷ್ಮಪ್ಪ ರಿಜಿಸ್ಟರನ್ನು ಅದರ ಮೇಲೆ ಇಟ್ಟ.

"ಇಲ್ಲವ್ವ" ಎಂದ ಕರಬಸಪ್ಪ. "ಮಳಿಗಾಲದಾಗ ರೆಕಾರ್ಡ್ ಕೋಣಿ ಸೋರಿತ್ತು. ಕೆಟ್ಟು ಹೋತು."

ಉಡಚವ್ವ ನಂಬಿದಳೋ ಇಲ್ಲವೋ, ತಲೆಯಾಡಿಸಿದಳು.

"ಆಕೀವು ಎಲ್ಲಾವೂ ಕೆಟ್ಟ ಹೋಗ್ತಾವ ನೋಡ್ರಿ" ಎಂದು, ಶೇಖವ್ವನ ಕೈ ಹಿಡಿದು ಮೆಟ್ಟಿಲು ಇಳಿದಳು. ಕೋರ್ಟಿಗೆ ಹೋಗಬೇಕಾದರೆ ಹೆದ್ದಾರಿ ದಾಟಬೇಕು. ಅವಳು ಅಂಚಿಗೆ ಬಂದು ನಿಂತುಬಿಟ್ಟಳು. ಲಕ್ಷ್ಮಪ್ಪ ನಡುರಸ್ತೆಗೆ ಹೋಗಿ ಎರಡೂ ಕೈ ಎತ್ತಿ ಲಾರಿಗಳನ್ನು ನಿಲ್ಲಿಸಿದ.